ಟ್ರಾನ್ಸ್ ಕೊಬ್ಬಿನ ಬೆನ್ನು ಬಿಡದ ಶತಾಯುಷಿ ಡಾ| ಫ್ರೆಡ್ ಕುಮ್ಮೆರೋ

ತೊಂಬತ್ತೆಂಟು ವರ್ಷದ ಹಿರಿಯರೊಬ್ಬರು ಸರಕಾರಿ ಇಲಾಖೆಯ ಮೇಲೆ ಕೋರ್ಟಿನಲ್ಲಿ ದಾವೆ ಹೂಡಿದರು ಎಂದರೆ ಪಿಂಚಣಿ ಬಾಕಿಗೋ ಜಾಗದ ತಕರಾರಿಗೋ ಇರಬೇಕು ಎಂದೇ ಯಾರಾದರೂ ಭಾವಿಸುತ್ತಾರೆ. ಆದರೆ 2013ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಅರ್ಬಾನಾ ಎಂಬ ಊರಿನ ಡಾ| ಫ್ರೆಡ್ ಕುಮ್ಮೆರೋ ಅವರು ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ಮೇಲೆ ಹೂಡಿದ ದಾವೆಯಲ್ಲಿ ತಮಗಾಗಿ ಏನನ್ನೂ ಕೇಳಿರಲಿಲ್ಲ. ಜನರು ತಿನ್ನುವ ಪದಾರ್ಥಗಳಲ್ಲಿ ಕೃತಕ ಟ್ರಾನ್ಸ್ ಕೊಬ್ಬು ಇರಕೂಡದು ಎಂದು 2009ರಲ್ಲಿ ಅವರು ಅರ್ಜಿ ಕೊಟ್ಟಿದ್ದರು. ನಾಲ್ಕು ವರ್ಷವಾದರೂ ಅದಕ್ಕೆ ತೀರ್ಮಾನ ಬಂದಿರಲಿಲ್ಲ. ಆ ಕೊಬ್ಬಿನ ಬಗ್ಗೆ ಅವರು ಮೊದಲ ಬಾರಿಗೆ ಎಚ್ಚರಿಸಿದ್ದು 1957ರಲ್ಲಿ. ಕಾದು ಕಾದು ಅರ್ಧ ಶತಮಾನ ಕಳೆದ ಮೇಲೆ ಅವರು ಕೋರ್ಟಿನ ಮೆಟ್ಟಿಲು ಹತ್ತಿದ್ದರು.

ಮುಂಬಯಿಯ ಕನ್ನಡಿಗರಿಗೂ ಅರ್ಬಾನಾದ ಈ ವಿಜ್ಞಾನಿಗೂ ಏನು ಸಂಬಂಧ ಎಂದು ಕೇಳಬಹುದು. ಹೊಟೇಲಿನ ಬಾಣಲೆ, ಬೇಕರಿಯ ಖಾರಿ, ಸಂಜೆ ಸ್ಟೇಷನ್ ಹೊರಗೆ ಸಿಗುವ ಬಿಸಿ ವಡಾಪಾವ್ ಇವೆಲ್ಲವೂ ಆ ಸಂಬಂಧದ ಕೊಂಡಿಗಳು.

ವಲಸೆ ಬಂದ ಮನೆಯ ಹುಡುಗ

ಕುಮ್ಮೆರೋ ಅವರು ಜನಿಸಿದ್ದು 1914ರ ಅಕ್ಟೋಬರ್ 4ರಂದು ಜರ್ಮನಿಯ ಬರ್ಲಿನ್‌ನಲ್ಲಿ. ಮೊದಲ ಮಹಾಯುದ್ಧದ ನಂತರದ ಕಷ್ಟದ ದಿನಗಳಲ್ಲಿ ಕುಟುಂಬ ಊರು ಬಿಟ್ಟು ಅಮೆರಿಕದ ಮಿಲ್‌ವಾಕಿ ನಗರಕ್ಕೆ ಬಂತು. ತಂದೆ ಕೂಲಿ ಕಾರ್ಮಿಕರು. ಹುಡುಗನ ಹನ್ನೆರಡನೇ ಹುಟ್ಟುಹಬ್ಬಕ್ಕೆ ಚಿಕ್ಕಪ್ಪನ ವಾವೆಯ ಹಿರಿಯರೊಬ್ಬರು ರಸಾಯನಶಾಸ್ತ್ರದ ಆಟಿಕೆಯ ಪೆಟ್ಟಿಗೆಯೊಂದನ್ನು ಉಡುಗೊರೆಯಾಗಿ ಕೊಟ್ಟರು. ಅದೇ ಮುಂದಿನ ಬದುಕಿಗೆ ದಾರಿಯಾಯಿತು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಓದಿ 1943ರಲ್ಲಿ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು.

ಆರಂಭದ ದಿನಗಳಲ್ಲಿ ಅವರು ಕೈಗೆತ್ತಿಕೊಂಡದ್ದು ಬಡವರ ಕಾಯಿಲೆಯನ್ನು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನಂಬಿ ಬದುಕುತ್ತಿದ್ದವರಿಗೆ ನಯಾಸಿನ್ ಎಂಬ ವಿಟಮಿನ್ ಕೊರತೆಯಿಂದ ಪೆಲ್ಲಾಗ್ರಾ ರೋಗ ಬರುತ್ತಿತ್ತು. ಜೋಳದ ನುಚ್ಚಿಗೆ ಆ ವಿಟಮಿನ್ ಸೇರಿಸುವ ಕೆಲಸದಲ್ಲಿ ಯುವ ವಿಜ್ಞಾನಿ ಕುಮ್ಮೆರೋ ದುಡಿದರು. ದಿನನಿತ್ಯದ ತಟ್ಟೆಯಲ್ಲಿರುವ ಒಂದು ವಸ್ತುವನ್ನು ಬದಲಿಸಿದರೆ ಸಾವಿರಾರು ಜನರ ಆರೋಗ್ಯ ಬದಲಾಗುತ್ತದೆ ಎಂಬ ಪಾಠ ಅವರಿಗೆ ಅಲ್ಲೇ ಸಿಕ್ಕಿತು. 1950ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯ ಸೇರಿದವರು ಕೊನೆಯವರೆಗೂ ಆ ಊರನ್ನು ಬಿಡಲಿಲ್ಲ.

ಎಣ್ಣೆ ಗಟ್ಟಿಯಾಗುವ ಬಗೆ

ಟ್ರಾನ್ಸ್ ಕೊಬ್ಬು ಎಂದರೇನು ಎಂದು ತಿಳಿಯಲು ಎಣ್ಣೆಯನ್ನು ಗಟ್ಟಿ ಮಾಡುವ ವಿಧಾನವನ್ನು ನೋಡಬೇಕು. ಶೇಂಗಾ, ಹತ್ತಿಬೀಜ, ಸೋಯಾ ಮುಂತಾದವುಗಳ ಎಣ್ಣೆ ಸಾಮಾನ್ಯವಾಗಿ ದ್ರವವಾಗಿರುತ್ತದೆ. ಅದನ್ನು ಬಿಸಿ ಮಾಡಿ, ನಿಕ್ಕಲ್ ಲೋಹದ ಪುಡಿ ಸೇರಿಸಿ, ಒತ್ತಡದಲ್ಲಿ ಹೈಡ್ರೋಜನ್ ಅನಿಲ ಹಾಯಿಸಿದರೆ ಅದು ತುಪ್ಪದಂತೆ ಗಟ್ಟಿಯಾಗುತ್ತದೆ. ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ ಎಂಬವರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅಮೆರಿಕದಲ್ಲಿ 1911ರಲ್ಲಿ ಕ್ರಿಸ್ಕೋ ಎಂಬ ಹೆಸರಿನಲ್ಲಿ ಇಂತಹ ಗಟ್ಟಿ ಕೊಬ್ಬು ಮಾರುಕಟ್ಟೆಗೆ ಬಂತು.

ಹೈಡ್ರೋಜನ್ ಪೂರ್ತಿ ಸೇರದೆ ಅರ್ಧದಲ್ಲೇ ನಿಂತಾಗ ಎಣ್ಣೆಯ ಕೆಲವು ಅಣುಗಳ ಆಕಾರ ಬದಲಾಗುತ್ತದೆ. ಸಹಜ ಎಣ್ಣೆಯ ಅಣುವಿನಲ್ಲಿ ಒಂದು ಬಾಗು ಇರುತ್ತದೆ, ಟ್ರಾನ್ಸ್ ರೂಪದಲ್ಲಿ ಆ ಬಾಗು ಹೋಗಿ ಅಣು ನೆಟ್ಟಗಾಗುತ್ತದೆ. ಲೋಕಲ್ ರೈಲಿನಲ್ಲಿ ಮೊಣಕೈ ಚಾಚಿ ನಿಂತವರ ನಡುವೆ ಜಾಗ ಉಳಿಯುತ್ತದೆ, ಕೈ ಇಳಿಬಿಟ್ಟು ನೆಟ್ಟಗೆ ನಿಂತವರು ಒತ್ತೊತ್ತಾಗಿ ತುಂಬಿಕೊಳ್ಳುತ್ತಾರೆ. ಇದೂ ಹಾಗೆಯೇ. ನೆಟ್ಟಗಿನ ಅಣುಗಳು ಒತ್ತಾಗಿ ಕೂರುವುದರಿಂದ ಕೊಬ್ಬು ಗಟ್ಟಿಯಾಗುತ್ತದೆ, ಬೇಗ ಕಮಟುವುದಿಲ್ಲ, ಬಿಸ್ಕತ್ತು ಗರಿಗರಿಯಾಗುತ್ತದೆ. ಬೆಲೆಯೂ ಬೆಣ್ಣೆ ತುಪ್ಪಕ್ಕಿಂತ ಕಡಿಮೆ. ವ್ಯಾಪಾರಕ್ಕೆ ಬೇಕಾದ ಎಲ್ಲ ಗುಣಗಳೂ ಅದರಲ್ಲಿದ್ದವು. ಹಾಲು, ತುಪ್ಪ, ಮಾಂಸಗಳಲ್ಲಿಯೂ ಸ್ವಲ್ಪ ಟ್ರಾನ್ಸ್ ಕೊಬ್ಬು ಸಹಜವಾಗಿಯೇ ಇರುತ್ತದೆ. ಕುಮ್ಮೆರೋ ಅವರ ತಕರಾರು ಇದ್ದದ್ದು ಕಾರ್ಖಾನೆಯಲ್ಲಿ ಹುಟ್ಟುವ ಕೊಬ್ಬಿನ ಬಗ್ಗೆ.

ಶಿವ್ಡಿಯಿಂದ ಮನೆ ಮನೆಗೆ

ಭಾರತದಲ್ಲಿ ಇದೇ ಕೊಬ್ಬು ವನಸ್ಪತಿ ಎಂಬ ಹೆಸರಿನಲ್ಲಿ ಮನೆ ಮಾತಾಯಿತು. ಅದರ ಇತಿಹಾಸದಲ್ಲಿ ಮುಂಬಯಿಗೆ ದೊಡ್ಡ ಪಾಲಿದೆ. 1931ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ವನಸ್ಪತಿ ಮ್ಯಾನುಫ್ಯಾಕ್ಚರಿಂಗ್ ಕಂಪೆನಿ ಮರುವರ್ಷ ಹಾರ್ಬರ್ ಲೈನಿನ ಶಿವ್ಡಿಯಲ್ಲಿ ವನಸ್ಪತಿ ತಯಾರಿಕೆ ಆರಂಭಿಸಿತು. 1937ರಲ್ಲಿ ಡಾಲ್ಡಾ ಎಂಬ ಹೆಸರು ಬಂತು. ತಾಳೆ ಮರದ ಚಿತ್ರವಿದ್ದ ಆ ಹಳದಿ ಡಬ್ಬಿ ಚಾಳುಗಳ ಅಡುಗೆಮನೆಯಿಂದ ಹಿಡಿದು ಊರಿನ ಮದುವೆ ಚಪ್ಪರದವರೆಗೆ ಎಲ್ಲೆಡೆ ಕಾಣಿಸಿಕೊಂಡಿತು. ಡಬ್ಬಿ ಖಾಲಿಯಾದ ಮೇಲೆ ಅಕ್ಕಿ ತುಂಬಿಡಲು, ತುಳಸಿ ನೆಡಲು ಬಳಕೆಯಾಯಿತು. ತುಪ್ಪ ಕೊಳ್ಳಲಾಗದ ಮನೆಗಳಿಗೆ ಅದು ಹಬ್ಬದ ಸಿಹಿತಿಂಡಿಯ ಆಸರೆಯಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಆ ಕಾಲದಲ್ಲಿ ವನಸ್ಪತಿಗೆ ವಿರೋಧ ಇರಲಿಲ್ಲವೆಂದಲ್ಲ. ತುಪ್ಪಕ್ಕೆ ಅದನ್ನು ಬೆರೆಸಿ ಮಾರುತ್ತಾರೆ ಎಂಬುದೇ ಆಗಿನ ದೊಡ್ಡ ದೂರು. ಬೆರಕೆ ಪತ್ತೆಯಾಗಲೆಂದು ವನಸ್ಪತಿಗೆ ಎಳ್ಳೆಣ್ಣೆ ಸೇರಿಸುವುದನ್ನು ಕಡ್ಡಾಯ ಮಾಡಲಾಯಿತು. ಎಳ್ಳೆಣ್ಣೆ ಇದ್ದರೆ ಸರಳ ಪರೀಕ್ಷೆಯಲ್ಲಿ ಕೆಂಪು ಬಣ್ಣ ಕಾಣಿಸಿಕೊಳ್ಳುತ್ತದೆ. ಹೀಗೆ ತುಪ್ಪದ ಶುದ್ಧತೆಗೆ ಕಾವಲು ಹಾಕಲಾಯಿತು. ಆದರೆ ವನಸ್ಪತಿಯೊಳಗಿನ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆ ಇನ್ನೂ ಎದ್ದಿರಲಿಲ್ಲ.

ರಕ್ತನಾಳದಲ್ಲಿ ಸಿಕ್ಕ ಸಾಕ್ಷಿ

ಆ ಪ್ರಶ್ನೆಯನ್ನು ಎತ್ತಿದವರಲ್ಲಿ ಕುಮ್ಮೆರೋ ಮೊದಲಿಗರು. 1950ರ ದಶಕದಲ್ಲಿ ಅಮೆರಿಕದಲ್ಲಿ ಹೃದಯಾಘಾತದಿಂದ ಸಾಯುವವರ ಸಂಖ್ಯೆ ಏರುತ್ತಿತ್ತು. ಮೃತಪಟ್ಟ ಸುಮಾರು ಎರಡು ಡಜನ್ ಮಂದಿಯ ದೇಹದ ಅಂಗಾಂಶಗಳನ್ನು ಸ್ಥಳೀಯ ಆಸ್ಪತ್ರೆಯಿಂದ ತರಿಸಿ ಅವರು ಮತ್ತು ಅವರ ಸಂಗಡಿಗರು ಪರೀಕ್ಷಿಸಿದರು. ಅವುಗಳಲ್ಲಿ ಟ್ರಾನ್ಸ್ ಕೊಬ್ಬು ಸೇರಿಕೊಂಡಿತ್ತು. ಮನುಷ್ಯ ತಿಂದ ಕಾರ್ಖಾನೆಯ ಕೊಬ್ಬು ಕರಗಿ ಹೊರಹೋಗದೆ ದೇಹದೊಳಗೆ ಮನೆ ಮಾಡುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಈ ಸಂಶೋಧನೆ 1957ರಲ್ಲಿ ಪ್ರತಿಷ್ಠಿತ ಸಾಯನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಳಿಕ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಟ್ರಾನ್ಸ್ ಕೊಬ್ಬು ತಿಂದವುಗಳ ರಕ್ತನಾಳಗಳು ಕೆಡುವುದನ್ನು, ಆಹಾರದಿಂದ ಅದನ್ನು ತೆಗೆದಾಗ ಸುಧಾರಿಸುವುದನ್ನು ಅವರು ಕಂಡರು.

ಆದರೆ ಆಗ ಗಾಳಿ ಬೇರೆ ಕಡೆ ಬೀಸುತ್ತಿತ್ತು. ಹೃದಯದ ಕಾಯಿಲೆಗೆ ಬೆಣ್ಣೆ, ಮೊಟ್ಟೆ, ಮಾಂಸಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಮತ್ತು ಕೊಲೆಸ್ಟರಾಲ್ ಕಾರಣ ಎಂಬ ವಾದ ಮೇಲುಗೈ ಪಡೆದಿತ್ತು. ಬೆಣ್ಣೆಯ ಬದಲು ಮಾರ್ಗರೀನ್ ತಿನ್ನಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತಿತ್ತು. ಅದೇ ಮಾರ್ಗರೀನಿನಲ್ಲಿ ಟ್ರಾನ್ಸ್ ಕೊಬ್ಬು ತುಂಬಿದೆ ಎಂದು ಹೇಳುವವರ ಮಾತಿಗೆ ಬೆಲೆ ಸಿಗಲಿಲ್ಲ. ಖಾದ್ಯ ತೈಲ ಉದ್ಯಮಕ್ಕೂ ಅದು ಬೇಡವಾದ ಮಾತು. ಕುಮ್ಮೆರೋ ವರ್ಷಗಟ್ಟಲೆ ಸಂಶೋಧನಾ ಲೇಖನ ಬರೆಯುತ್ತಲೇ ಹೋದರು.

ಮೂವತ್ತು ವರ್ಷಗಳ ಬಳಿಕ ಬೇರೆಯವರ ಸಂಶೋಧನೆಗಳು ಅವರ ಬೆಂಬಲಕ್ಕೆ ಬಂದವು. 1990ರಲ್ಲಿ ನೆದರ್‌ಲ್ಯಾಂಡಿನ ಮೆನ್ಸಿಂಕ್ ಮತ್ತು ಕಟಾನ್ ಎಂಬ ವಿಜ್ಞಾನಿಗಳು ಆರೋಗ್ಯವಂತ ಜನರಿಗೆ ಟ್ರಾನ್ಸ್ ಕೊಬ್ಬಿನ ಆಹಾರ ಕೊಟ್ಟು ರಕ್ತ ಪರೀಕ್ಷಿಸಿದರು. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಏರಿತ್ತು, ಒಳ್ಳೆಯದು ಎನ್ನುವ ಎಚ್‌ಡಿಎಲ್ ಇಳಿದಿತ್ತು. ಒಂದೇ ಖಾತೆಯಲ್ಲಿ ಸಾಲ ಏರಿ ಜಮೆ ಇಳಿದಂತೆ ಎರಡೂ ಕಡೆಯಿಂದ ನಷ್ಟ. 1993ರಲ್ಲಿ ಹಾರ್ವರ್ಡ್‌ನ ವಾಲ್ಟರ್ ವಿಲೆಟ್ ಮತ್ತು ಸಂಗಡಿಗರು ಸುಮಾರು 85 ಸಾವಿರ ದಾದಿಯರ ಆಹಾರ ಮತ್ತು ಆರೋಗ್ಯದ ವಿವರಗಳನ್ನು ಪರಿಶೀಲಿಸಿ, ಟ್ರಾನ್ಸ್ ಕೊಬ್ಬು ಹೆಚ್ಚು ತಿನ್ನುವವರಿಗೆ ಹೃದ್ರೋಗದ ಅಪಾಯ ಹೆಚ್ಚು ಎಂದು ವರದಿ ಮಾಡಿದರು. ದಿನದ ಒಟ್ಟು ಕ್ಯಾಲರಿಯಲ್ಲಿ ಶೇ. 2ರಷ್ಟು ಟ್ರಾನ್ಸ್ ಕೊಬ್ಬಿನಿಂದ ಬಂದರೆ ಹೃದ್ರೋಗದ ಸಂಭವ ಶೇ. 23ರಷ್ಟು ಏರುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದ ವಿಶ್ಲೇಷಣೆ 2006ರಲ್ಲಿ ಹೇಳಿತು.

ಅರ್ಜಿ, ದಾವೆ, ಆದೇಶ

ಡೆನ್ಮಾರ್ಕ್ ದೇಶ 2003ರಲ್ಲೇ ಕಾನೂನು ಮಾಡಿ ಟ್ರಾನ್ಸ್ ಕೊಬ್ಬಿಗೆ ಕಡಿವಾಣ ಹಾಕಿತು. ಅಮೆರಿಕದಲ್ಲಿ 2006ರಿಂದ ಪೊಟ್ಟಣದ ಮೇಲೆ ಅದರ ಪ್ರಮಾಣ ಮುದ್ರಿಸುವುದು ಕಡ್ಡಾಯವಾಯಿತು. ಆದರೆ ಒಂದು ಬಾರಿ ತಿನ್ನುವ ಪಾಲಿನಲ್ಲಿ ಅರ್ಧ ಗ್ರಾಮಿಗಿಂತ ಕಡಿಮೆ ಇದ್ದರೆ ಸೊನ್ನೆ ಎಂದು ಬರೆಯಲು ಅವಕಾಶವಿತ್ತು. ಎರಡು ಮೂರು ಪಾಲು ತಿಂದವನ ಹೊಟ್ಟೆಗೆ ಎಷ್ಟು ಸೇರಿತು ಎಂಬ ಲೆಕ್ಕ ಆ ಸೊನ್ನೆಯಲ್ಲಿ ಕಾಣುತ್ತಿರಲಿಲ್ಲ.

ಚೀಟಿಯಲ್ಲಿ ಬರೆದರೆ ಸಾಲದು, ಪೂರ್ತಿ ತೆಗೆಯಬೇಕು ಎಂಬುದು ಕುಮ್ಮೆರೋ ಅವರ ನಿಲುವು. 2009ರಲ್ಲಿ, 94ನೇ ವಯಸ್ಸಿನಲ್ಲಿ ಅವರು ಎಫ್‌ಡಿಎ ಎಂದು ಕರೆಯುವ ಆಹಾರ ಮತ್ತು ಔಷಧ ಆಡಳಿತಕ್ಕೆ ಅರ್ಜಿ ಸಲ್ಲಿಸಿದರು. ನಿಯಮದಂತೆ 180 ದಿನದೊಳಗೆ ಉತ್ತರ ಬರಬೇಕಿತ್ತು. ಬರಲಿಲ್ಲ. 2013ರಲ್ಲಿ ದಾವೆ ಹೂಡಿದರು. ಅದಾಗಿ ಮೂರು ತಿಂಗಳಲ್ಲಿ, ಅರೆ ಹೈಡ್ರೋಜನೀಕರಿಸಿದ ಎಣ್ಣೆಗಳನ್ನು ಸುರಕ್ಷಿತ ಎನ್ನಲಾಗದು ಎಂಬ ಪ್ರಾಥಮಿಕ ನಿರ್ಧಾರ ಹೊರಬಿತ್ತು. ಇವನ್ನು ತೆಗೆದರೆ ಅಮೆರಿಕದಲ್ಲಿ ವರ್ಷಕ್ಕೆ 20 ಸಾವಿರದಷ್ಟು ಹೃದಯಾಘಾತ ಹಾಗೂ 7 ಸಾವಿರ ಸಾವುಗಳನ್ನು ತಪ್ಪಿಸಬಹುದು ಎಂದು ಅಂದಾಜು ಮಾಡಲಾಯಿತು. 2015ರ ಜೂನ್ ತಿಂಗಳಲ್ಲಿ ಅಂತಿಮ ಆದೇಶ ಬಂತು. ಮೊದಲ ಲೇಖನದಿಂದ ಅಂತಿಮ ಆದೇಶದವರೆಗೆ 58 ವರ್ಷ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನೊಬ್ಬ ನಿವೃತ್ತನಾಗಿ, ಅವನ ಮಗನೂ ಕೆಲಸಕ್ಕೆ ಸೇರಿ ಹಿರಿಯನಾಗುವಷ್ಟು ಕಾಲ. ಆ ನಡುವೆ ಹಬ್ಬ ಹರಿದಿನಗಳಲ್ಲಿ, ಟೀ ಜೊತೆಯಲ್ಲಿ ಜಗತ್ತು ತಿಂದ ಟ್ರಾನ್ಸ್ ಕೊಬ್ಬಿನ ಲೆಕ್ಕ ಇಟ್ಟವರಿಲ್ಲ.

ಎಲ್ಲ ಮಾತೂ ಒಪ್ಪಿತವಲ್ಲ

ಕುಮ್ಮೆರೋ ಅವರ ಜೀವನಕ್ರಮ ಸರಳವಾಗಿತ್ತು. ತರಕಾರಿ, ಹಣ್ಣು, ಕೆನೆ ತೆಗೆಯದ ಹಾಲು ಅವರ ಆಹಾರ. ಬೆಣ್ಣೆಯಲ್ಲಿ ಬೇಯಿಸಿದ ಮೊಟ್ಟೆಯನ್ನು ಅವರು ದಿನಾ ತಿನ್ನುತ್ತಿದ್ದರು. ಆಹಾರದಲ್ಲಿನ ಕೊಲೆಸ್ಟರಾಲ್ ಅಪರಾಧಿಯಲ್ಲ, ಕಾದು ಕೆಟ್ಟ ಎಣ್ಣೆ ಮತ್ತು ಆಕ್ಸಿಡೀಕರಣಗೊಂಡ ಕೊಲೆಸ್ಟರಾಲ್ ನಿಜವಾದ ಅಪರಾಧಿ ಎಂದು ಅವರು ವಾದಿಸುತ್ತಿದ್ದರು. ರಕ್ತ ಸರಾಗವಾಗಿ ಹರಿಯಲು ನೆರವಾಗುವ ಪ್ರೊಸ್ಟಾಸೈಕ್ಲಿನ್ ಎಂಬ ವಸ್ತುವಿನ ಉತ್ಪಾದನೆಗೆ ಟ್ರಾನ್ಸ್ ಕೊಬ್ಬು ಅಡ್ಡಿಪಡಿಸುತ್ತದೆ ಎಂಬುದು ಅವರ ಇನ್ನೊಂದು ಸಂಶೋಧನೆ.

ಇಲ್ಲಿ ಓದುಗರು ಒಂದು ಎಚ್ಚರ ವಹಿಸಬೇಕು. ಟ್ರಾನ್ಸ್ ಕೊಬ್ಬಿನ ವಿಷಯದಲ್ಲಿ ಜಗತ್ತು ಅವರನ್ನು ಒಪ್ಪಿದೆ. ಕೊಲೆಸ್ಟರಾಲ್ ಬಗ್ಗೆ ಅವರ ಎಲ್ಲ ಮಾತನ್ನೂ ವೈದ್ಯಲೋಕ ಒಪ್ಪಿಲ್ಲ. ರಕ್ತದಲ್ಲಿ ಎಲ್‌ಡಿಎಲ್ ಹೆಚ್ಚಿದ್ದರೆ ಅಪಾಯ ಎಂಬುದು ಇಂದಿಗೂ ವೈದ್ಯರ ಖಚಿತ ಅಭಿಪ್ರಾಯ. ಶತಾಯುಷಿಯೊಬ್ಬರು ಬೆಣ್ಣೆ ತಿಂದರೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸುವುದು ಜಾಣತನವಲ್ಲ.

ಭಾರತದಲ್ಲಿ ಬಂದ ಬದಲಾವಣೆ

ಈ ವಿಷಯದಲ್ಲಿ ಭಾರತದ ವಿಜ್ಞಾನಿಗಳೂ ಕೈಕಟ್ಟಿ ಕುಳಿತಿರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಡಾ| ಗಫೂರುನ್ನಿಸಾ ಅವರು ಭಾರತೀಯರ ಆಹಾರದ ಕೊಬ್ಬಿನ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ. ಟ್ರಾನ್ಸ್ ಕೊಬ್ಬು ಜೀವಕೋಶಗಳ ಹೊರಪದರದಲ್ಲಿ ಸೇರಿಕೊಂಡು, ಇನ್ಸುಲಿನ್‌ಗೆ ಅವು ಸ್ಪಂದಿಸುವ ಶಕ್ತಿಯನ್ನು ಕುಗ್ಗಿಸುತ್ತದೆ ಎಂಬುದನ್ನು ಅವರ ತಂಡ ಇಲಿಗಳಲ್ಲಿ ಗುರುತಿಸಿ 2005ರಲ್ಲಿ ಪ್ರಕಟಿಸಿತು. ಸಕ್ಕರೆ ಕಾಯಿಲೆ ಮನೆ ಮನೆಯಲ್ಲಿರುವ ದೇಶಕ್ಕೆ ಇದು ಸಣ್ಣ ಸಂಗತಿಯಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ, ಕಾರ್ಖಾನೆಯ ಟ್ರಾನ್ಸ್ ಕೊಬ್ಬನ್ನು ಜಗತ್ತಿನಿಂದಲೇ ತೊಲಗಿಸಲು ಕರೆ ಕೊಟ್ಟಿತು. ಇದರಿಂದ ವರ್ಷಕ್ಕೆ 5 ಲಕ್ಷಕ್ಕೂ ಮೇಲ್ಪಟ್ಟು ಸಾವು ಸಂಭವಿಸುತ್ತಿದೆ ಎಂಬುದು ಆಗಿನ ಅದರ ಅಂದಾಜು. ದಿನಕ್ಕೆ 2,000 ಕ್ಯಾಲರಿ ಆಹಾರ ಸೇವಿಸುವವರ ಹೊಟ್ಟೆಗೆ 2.2 ಗ್ರಾಮಿಗಿಂತ ಹೆಚ್ಚು ಟ್ರಾನ್ಸ್ ಕೊಬ್ಬು ಹೋಗಬಾರದು ಎಂದು ಅದು ಹೇಳುತ್ತದೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಎಣ್ಣೆ ಮತ್ತು ಕೊಬ್ಬುಗಳಲ್ಲಿನ ಟ್ರಾನ್ಸ್ ಮಿತಿಯನ್ನು ಹಂತ ಹಂತವಾಗಿ ಇಳಿಸಿ, 2021ರ ಜನವರಿಯಿಂದ ಶೇ. 3ಕ್ಕೂ 2022ರ ಜನವರಿಯಿಂದ ಶೇ. 2ಕ್ಕೂ ನಿಗದಿಪಡಿಸಿತು. ಎಣ್ಣೆ, ಕೊಬ್ಬು ಬಳಸಿ ಮಾಡುವ ತಿನಿಸುಗಳಿಗೂ ಶೇ. 2ರ ಮಿತಿ ಅನ್ವಯಿಸುತ್ತದೆ. ಶಿವ್ಡಿಯಲ್ಲಿ ವನಸ್ಪತಿ ತಯಾರಾಗಿ ಸುಮಾರು ತೊಂಬತ್ತು ವರ್ಷಗಳ ಮೇಲೆ ಈ ಹಂತ ತಲುಪಿದ್ದಾಗಿದೆ.

ಬಾಣಲೆ ಹಿಡಿದವರ ಹೊಣೆ

ಕಾನೂನು ಬಂತೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಪೊಟ್ಟಣದ ತಿಂಡಿ ಕೊಳ್ಳುವಾಗ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಕನ್ನಡಕ ಹಾಕಿಕೊಂಡು ಪಾಸ್‌ಬುಕ್ಕಿನ ನಮೂದನ್ನು ನೋಡುವವರು ಬಿಸ್ಕತ್ತಿನ ಪೊಟ್ಟಣವನ್ನೂ ಅಷ್ಟೇ ಶ್ರದ್ಧೆಯಿಂದ ನೋಡಬಹುದು. ಹೈಡ್ರೋಜನೇಟೆಡ್ ವೆಜಿಟೇಬಲ್ ಫ್ಯಾಟ್ ಎಂಬ ಮಾತು ಕಂಡರೆ ಟ್ರಾನ್ಸ್ ಕೊಬ್ಬಿನ ಅಂಕಿ ಎಷ್ಟಿದೆ ಎಂದು ಹುಡುಕಬೇಕು. ಟ್ರಾನ್ಸ್ ಕೊಬ್ಬು ಕಡಿಮೆಯಾದ ಮಾತ್ರಕ್ಕೆ ವನಸ್ಪತಿ ಹೃದಯಕ್ಕೆ ಒಳ್ಳೆಯದಾಯಿತು ಎಂದೂ ಅರ್ಥವಲ್ಲ, ಗಟ್ಟಿಯಾಗಿ ಉಳಿಯಲು ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಇದ್ದೇ ಇರುತ್ತದೆ. ತುಪ್ಪ, ತೆಂಗಿನೆಣ್ಣೆಗಳಿಗೂ ಮಿತಿ ಒಳ್ಳೆಯದು.

ಪೊಟ್ಟಣವಿಲ್ಲದ ತಿಂಡಿಯ ಹಿಂದೆ ಓದಲು ಏನೂ ಇರುವುದಿಲ್ಲ. ಅಲ್ಲಿ ಗಿರಾಕಿಯ ಆರೋಗ್ಯ ಬಾಣಲೆ ಹಿಡಿದವರ ಕೈಯಲ್ಲಿದೆ. ಮುಂಬಯಿ, ಪುಣೆಗಳ ಹೊಟೇಲು ಉದ್ಯಮದಲ್ಲಿ ತುಳು ಕನ್ನಡಿಗರು ಗಳಿಸಿದ ಹೆಸರು ಸಣ್ಣದಲ್ಲ. ಆ ಹೆಸರಿಗೆ ತಕ್ಕ ಹೊಣೆಯೂ ಇದೆ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಪೋಲಾರ್ ಕಾಂಪೌಂಡ್ ಎನ್ನುವ ಹಾನಿಕರ ವಸ್ತುಗಳು ಹೆಚ್ಚುತ್ತವೆ. ಅವುಗಳ ಪ್ರಮಾಣ ಶೇ. 25 ದಾಟಿದ ಎಣ್ಣೆಯನ್ನು ಬಳಸಬಾರದು ಎಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ಲೆಕ್ಕ ಇಟ್ಟು, ಉಳಿದ ಕರಿದ ಎಣ್ಣೆಯನ್ನು ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಬೇಕು. ಅದರಿಂದ ಬಯೋಡೀಸೆಲ್ ತಯಾರಾಗುತ್ತದೆ. ಸಂಜೆ ಉಳಿದ ಎಣ್ಣೆ ಲಾರಿಯ ಟ್ಯಾಂಕಿಗೆ ಹೋದರೆ ಲಾಭ, ಮರುದಿನ ಶಾಲಾ ಮಗುವಿನ ವಡೆಗೆ ಹೋದರೆ ನಷ್ಟ. ಮನೆಯಲ್ಲಿಯೂ ಇದೇ ಮಾತು. ಕರಿದು ಕಪ್ಪಾದ ಎಣ್ಣೆಯನ್ನು ಮರುದಿನದ ಒಗ್ಗರಣೆಗೆ ಎತ್ತಿಡುವ ಉಳಿತಾಯ ಮುಂದೆ ಆಸ್ಪತ್ರೆಯ ಬಿಲ್ಲಾಗಿ ಬರಬಹುದು.

ಡಾ| ಕುಮ್ಮೆರೋ ಅವರು 2017ರ ಮೇ 31ರಂದು ಅರ್ಬಾನಾದ ತಮ್ಮ ಮನೆಯಲ್ಲಿ 102ನೇ ವಯಸ್ಸಿನಲ್ಲಿ ನಿಧನರಾದರು. ಅವರು ಬಯಸಿದ ನಿಷೇಧ ಅಮೆರಿಕದಲ್ಲಿ ಜಾರಿಗೆ ಬಂದದ್ದು 2018ರ ಜೂನ್ 18ರಂದು. ಆ ದಿನವನ್ನು ನೋಡಲು ಅವರಿರಲಿಲ್ಲ. ಆದರೆ ಆದೇಶ ಹೊರಬಿದ್ದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಗಾಲಿಕುರ್ಚಿಯಲ್ಲಿ ಕುಳಿತೇ ಕೊನೆಯ ವರ್ಷಗಳವರೆಗೂ ಸಂಶೋಧನೆ ಮುಂದುವರಿಸಿದ ಆ ಹಿರಿಯ ಜೀವಕ್ಕೆ, ಇಂದು ಅಂಗಡಿಯಿಂದ ತಂದ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಒಂದು ನಿಮಿಷ ಓದುವುದೇ ಸಲ್ಲಬಹುದಾದ ಗೌರವ.